ಅಲಾಯ್ ಕಣಿವೆಯ ಹಲ್ಲುಬ್ಬಿದ ಇಲಿ

ಪ್ರಶ್ನೆ: ಕಿರ್ಗಿಸ್ತಾನದ ಅಲಾಯ್ ಕಣಿವೆಯಲ್ಲಿ, ಸರಿ-ತಾಶ್ ಊರಿನ ಹತ್ತಿರ ತೆಗೆದ ಫೋಟೋ ಕಳಿಸಿದ್ದೇನೆ. ಪುಟ್ಟ ಕಂದು ಇಲಿ, ಹುಲ್ಲಿನ ನಡುವೆ ಮಣ್ಣು ಗುಡ್ಡೆ ಹಾಕುತ್ತಿತ್ತು. ಕಿವಿಯೇ ಕಾಣಲ್ಲ, ಹಲ್ಲು ಮಾತ್ರ ಬಾಯಿಂದಾಚೆ. ಯಾವ ಪ್ರಭೇದ? (ಓದುಗರು, ಹುಬ್ಬಳ್ಳಿ)

ಉತ್ತರ: ಕುಲ ಹೇಳುವುದು ಸುಲಭ. ಇದು ಎಲ್ಲೋಬಿಯಸ್, ಅಂದರೆ ಮೋಲ್ ವೋಲ್ (ವೋಲ್ ಅಂದರೆ ಇಲಿಯ ನೆಂಟನಾದ ಗಿಡ್ಡ ಬಾಲದ ಪ್ರಾಣಿ). ನೆಲದೊಳಗೇ ಬದುಕುವ ಪ್ರಾಣಿ. ಮಣ್ಣು ಅಗೆಯುವುದು ಮುಖ್ಯವಾಗಿ ಆ ಮುಂದಿನ ಹಲ್ಲುಗಳಿಂದಲೇ, ತುಟಿಗಳು ಹಲ್ಲಿನ ಹಿಂದೆ ಮುಚ್ಚಿಕೊಳ್ಳುವುದರಿಂದ ಬಾಯಿಗೆ ಮಣ್ಣು ಹೋಗುವುದಿಲ್ಲ. ಕಣ್ಣು ಚಿಕ್ಕದು, ಹೊರಗಿವಿ ಇಲ್ಲವೆಂದೇ ಹೇಳಬೇಕು.

ಪ್ರಭೇದ ಯಾವುದು ಅಂದರೆ ಮಾತ್ರ ಕಷ್ಟ. ಅಲ್ಲಿಯದೇ ಆದ ಎಲ್ಲೋಬಿಯಸ್ ಅಲಾಯಿಕಸ್ ಇರಬಹುದು ಅಂತ ನನ್ನ ಊಹೆ. ಅದನ್ನು 1969ರಲ್ಲಿ ವೊರೊಂತ್ಸೊವ್ ಮತ್ತು ಜೊತೆಗಾರರು ವಿವರಿಸಿದರು, ಅದೂ ಬಣ್ಣ ನೋಡಿ ಅಲ್ಲ, ಕ್ರೋಮೋಸೋಮ್ ಎಣಿಸಿ. ಅದಕ್ಕೆ ಸಾಮಾನ್ಯವಾಗಿ 52, ಅದರ ಹತ್ತಿರದ ನೆಂಟ ಎಲ್ಲೋಬಿಯಸ್ ಟ್ಯಾಂಕ್ರೈಗೆ ಸಾಮಾನ್ಯವಾಗಿ 54. ಇಷ್ಟೇ ಆಗಿದ್ದರೆ ಎಣಿಸಿ ಮುಗಿಸಬಹುದಿತ್ತು, ಅಲ್ವಾ? ಆದರೆ ಅಲಾಯ್ ಕಣಿವೆಯ ಕಿಜಿಲ್-ಸೂ ನದಿ ಪಶ್ಚಿಮಕ್ಕೆ ಹರಿದು ತಜಿಕಿಸ್ತಾನದಲ್ಲಿ ಸುರ್ಖೋಬ್ ಆಗುತ್ತದೆ, ಆ ಕಣಿವೆಯ ಟ್ಯಾಂಕ್ರೈಗಳಲ್ಲಿ ಈ ಸಂಖ್ಯೆ 54ರಿಂದ 30ರವರೆಗೂ ಇಳಿಯುತ್ತದೆ. ಒಳಗಿನ ವಂಶವಾಹಿಗಳೇನೂ ಕಳೆದುಹೋಗಿಲ್ಲ, ಎರಡೆರಡು ಕ್ರೋಮೋಸೋಮ್‌ಗಳು ತುದಿಯಲ್ಲಿ ಅಂಟಿ ಒಂದಾಗಿವೆ ಅಷ್ಟೇ. ಹಾಗಾಗಿ 52 ಅಂತ ಬಂದರೂ ಸಾಲದು, ಯಾವ ಎರಡು ಅಂಟಿವೆ ಅಂತ ನೋಡಬೇಕು. ಹೊರಗಿಂದ ಇವೆಲ್ಲ ಒಂದೇ ಥರ. ಸುಮ್ನೆ ಫೋಟೋ ನೋಡಿ ಪ್ರಭೇದದ ಹೆಸರು ಬರೆದವರನ್ನು ನಾನಂತೂ ನಂಬಲ್ಲ.

ಇನ್ನೊಂದು ವಿಚಿತ್ರ, ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಟ್ಯಾಂಕ್ರೈನಲ್ಲಿ ಗಂಡಿಗೂ ವೈ ಕ್ರೋಮೋಸೋಮ್ ಇಲ್ಲ. ಗಂಡು ಹೆಣ್ಣು ಎರಡಕ್ಕೂ ಎಕ್ಸ್ ಎಕ್ಸ್!

ಪ್ರಶ್ನೆ: ಹಾಗಾದರೆ ಕ್ರೋಮೋಸೋಮ್ ಗೊತ್ತಿಲ್ಲದ ಕಾಲದಲ್ಲಿ ಇಂಥವನ್ನು ಹೇಗೆ ಗುರುತಿಸುತ್ತಿದ್ದರು? (ಓದುಗರು, ಮೈಸೂರು)

ಉತ್ತರ: ಚರ್ಮ, ತಲೆಬುರುಡೆ, ಹಲ್ಲು. ಫರ್ಡಿನಾಂಡ್ ಸ್ಟೊಲಿಚ್ಕಾ ಭಾರತದ ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದ ವಿಜ್ಞಾನಿ. 1873-74ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ಮಧ್ಯ ಏಷ್ಯಾದ ಯಾರ್ಕಂದ್‌ಗೆ ಕಳಿಸಿದ ಎರಡನೇ ನಿಯೋಗದ ಜೊತೆ ಹೋಗಿ, ವಾಪಸು ಬರುವಾಗ ಲಡಾಖ್‌ನ ಮುರ್ಗೋದಲ್ಲಿ ತೀರಿಕೊಂಡರು. ಅವರು ಕೂಡಿಸಿದ ಪ್ರಾಣಿಗಳನ್ನು ನೋಡಿ ವಿವರಣೆ ಬರೆದವರು ಅದೇ ಸರ್ವೇಕ್ಷಣೆಯ ವಿಜ್ಞಾನಿ ಬ್ಲ್ಯಾನ್‌ಫರ್ಡ್, 1875ರಲ್ಲಿ ಒಂದು ಬೆಟ್ಟದ ವೋಲ್‌ಗೆ ಸ್ಟೊಲಿಚ್ಕಾ ಹೆಸರನ್ನೇ ಇಟ್ಟರು. ಈಗ ಅದು ಆಲ್ಟಿಕೋಲಾ ಸ್ಟೊಲಿಚ್ಕಾನಸ್. ಇಂಥ ವೋಲ್‌ಗಳ ದವಡೆಹಲ್ಲನ್ನು ಮೇಲಿಂದ ನೋಡಿದರೆ ತ್ರಿಕೋನಗಳ ಸಾಲು, ರಂಗೋಲಿಯ ಅಂಚಿನ ಹಾಗೆ. ಮೇಲ್ದವಡೆಯ ಕೊನೆಯ ಹಲ್ಲಿನಲ್ಲಿ ಆ ಮೂಲೆಗಳು ಎಷ್ಟು, ಎಷ್ಟು ಆಳ ಅನ್ನುವುದು ದೊಡ್ಡ ಗುರುತು. ತುಪ್ಪಳದ ಬಣ್ಣವನ್ನು ಜಾಸ್ತಿ ನಂಬಬಾರದು, ವಯಸ್ಸು ಮತ್ತು ಋತುವಿನ ಜೊತೆ ಬದಲಾಗುತ್ತದೆ. ದೇಹ, ಬಾಲ, ಹಿಂಗಾಲು, ಕಿವಿ, ಈ ಅಳತೆಗಳನ್ನು ಪ್ರಾಣಿ ಹಸಿಯಾಗಿರುವಾಗಲೇ ತೆಗೆಯಬೇಕು, ಒಣಗಿದ ಚರ್ಮ ಕುಗ್ಗಿಬಿಡುತ್ತದೆ. ಜಾಗ, ಎತ್ತರ, ತಾರೀಖು ಬರೆದ ಚೀಟಿ ಇಲ್ಲದಿದ್ದರೆ ಒಳ್ಳೆಯ ಮಾದರಿಯೂ ಅರ್ಧ ವ್ಯರ್ಥ.

ಪ್ರಶ್ನೆ: ಲಡಾಖ್‌ನಲ್ಲಿ ನೋಡಿದ ಬಾಲವಿಲ್ಲದ, ದುಂಡು ಕಿವಿಯ ಇಲಿ? (ಓದುಗರು, ಶಿರಸಿ)

ಉತ್ತರ: ಇಲಿಯೇ ಅಲ್ಲ, ಪೈಕಾ. ಮೊಲದ ಬಳಗ. ಮೇಲಿನ ಬಾಚಿಹಲ್ಲಿನ ಹಿಂದೆ ಇನ್ನೊಂದು ಜೊತೆ ಚಿಕ್ಕ ಹಲ್ಲು ಇರುತ್ತದೆ.

ಪ್ರಶ್ನೆ: ಸತ್ತದ್ದು ಸಿಕ್ಕರೆ ಅಳತೆ ತೆಗೆಯಬಹುದಾ? (ಓದುಗರು, ಹುಬ್ಬಳ್ಳಿ)

ಉತ್ತರ: ಮುಟ್ಟಬೇಡಿ. ತಿಯಾನ್ ಶಾನ್ ಬೆಟ್ಟಗಳ ಕಾಡು ದಂಶಕಗಳಲ್ಲಿ (ಇಲಿ, ಅಳಿಲುಗಳ ಬಳಗ) ಪ್ಲೇಗ್ ಇನ್ನೂ ಇದೆ, ಮುಖ್ಯವಾಗಿ ಬಿಲದಲ್ಲಿ ಬದುಕುವ ದೊಡ್ಡ ಅಳಿಲಿನಂಥ ಮಾರ್ಮಟ್‌ಗಳಲ್ಲಿ. 2013ರಲ್ಲಿ ಕಿರ್ಗಿಸ್ತಾನದ ಹದಿಹರೆಯದ ಹುಡುಗನೊಬ್ಬ ಅದರಿಂದಲೇ ಸತ್ತ. ಪ್ರಾಣಿ ಸತ್ತಮೇಲೆ ಪ್ಲೇಗ್ ಹರಡುವ ಚಿಗಟಗಳು ಬೇರೆ ಮೈ ಹುಡುಕುತ್ತವೆ. ಪಕ್ಕದಲ್ಲಿ ಅಡಿಪಟ್ಟಿ ಇಟ್ಟು, ಅದೂ ದೂರದಿಂದ ಜಾರಿಸಿ, ಫೋಟೋ ತೆಗೆಯಿರಿ, ಸಾಕು. ಆ ಅಡಿಪಟ್ಟಿಯನ್ನು ಅಲ್ಲೇ ಬಿಟ್ಟು ಬನ್ನಿ.