ಬರೀ ‘ಎರರ್’ ಅಂತ ಬಂದರೆ ಮಾಡ್ಯೂಲಿನ ಬಾಯಿ ಬಿಡಿಸಿ

ನಮಸ್ಕಾರ. ಆರ್ಡುಯಿನೊ ನ್ಯಾನೋ ಬೋರ್ಡಿಗೆ (ಪ್ರೋಗ್ರಾಮ್ ನಡೆಸುವ ಪುಟ್ಟ ಬೋರ್ಡು) ಸಿಮ್800ಎಲ್ (ಸಿಮ್ ಹಾಕಿ ಎಸ್ಸೆಮ್ಮೆಸ್ ಕಳಿಸುವ ಮಾಡ್ಯೂಲು) ಜೋಡಿಸಿ ಎಸ್ಸೆಮ್ಮೆಸ್‌ನಿಂದ ಪಂಪು ನಡೆಸಲು ಹೊರಟಿದ್ದೀರಿ. ಮಾಡ್ಯೂಲಿಗೆ ಸುಮ್ನೆ ‘ಎಟಿ’ ಅನ್ನುವ ಆದೇಶ ಕಳಿಸಿದರೆ ಓಕೆ ಬರುತ್ತದೆ, ಎಸ್ಸೆಮ್ಮೆಸ್ ಕಳಿಸಲು ಹೋದರೆ ಬರೀ ‘ಎರರ್’. ಸಿಮ್ ಹಾಳಾಗಿದೆಯಾ ಅಂತ ಕೇಳಿದ್ದೀರಿ.

ಸಿಮ್ ಬದಲಿಸುವ ಮುಂಚೆ ಎಟಿ+ಸಿಎಂಇಇ=2 ಅನ್ನುವ ಆದೇಶ ಕಳಿಸಿ, ತಪ್ಪಿನ ಕಾರಣ ಹೇಳು ಅಂತ ಅದರ ಅರ್ಥ. ಈ ಮಾಡ್ಯೂಲಿಗೆ ಕಾರಣ ಗೊತ್ತಿದ್ದರೂ ನಾವಾಗಿ ಕೇಳದೆ ಹೇಳುವುದಿಲ್ಲ. ಕೊನೆಯ ಅಂಕಿ 0 ಇದ್ದರೆ ಬರೀ ‘ಎರರ್’. 1 ಹಾಕಿದರೆ ಒಂದು ಅಂಕಿ, ಉದಾಹರಣೆಗೆ ‘ಸಿಎಂಇ ಎರರ್: 10’. 2 ಹಾಕಿದರೆ ಅದೇ ತೊಂದರೆ ಮಾತಿನಲ್ಲಿ ಬರುತ್ತದೆ: ‘ಸಿಮ್ ನಾಟ್ ಇನ್ಸರ್ಟೆಡ್’. ಎಷ್ಟು ವ್ಯತ್ಯಾಸ ನೋಡಿ! ಈ ಸಾಲನ್ನು ಪ್ರೋಗ್ರಾಮಿನ ಸೆಟಪ್ ಭಾಗದಲ್ಲೇ (ಬೋರ್ಡು ಆನ್ ಆದಾಗಲೆಲ್ಲ ಮೊದಲು ನಡೆಯುವ ಭಾಗ) ಬರೆದುಬಿಡಿ. ಕರೆಂಟು ಹೋಗಿ ಬಂದಾಗಲೂ ಕೆಲಸ ಮಾಡುತ್ತದೆ.

ಒಂದು ವಿಷಯ ನೆನಪಿಡಿ. ಮಾಡ್ಯೂಲು ಹೇಳುವುದು ತನಗೆ ಕಂಡದ್ದನ್ನು ಮಾತ್ರ. ಸಿಮ್ ಒಳಗೇ ಇದ್ದು ‘ಇಲ್ಲ’ ಅಂದರೆ ಸಿಮ್ ಕೂರುವ ಜಾಗದ ತಗಡಿನ ಕಾಂಟ್ಯಾಕ್ಟ್ ನೋಡಿ. ನೆಟ್‌ವರ್ಕ್ ಸಿಕ್ಕಿತಾ ಅಂತ ತಿಳಿಯಲು ಎಟಿ+ಸಿಆರ್‌ಇಜಿ? ಕೇಳಿದಾಗ 0,2 ಬಂದರೆ ಇನ್ನೂ ನೆಟ್‌ವರ್ಕ್ ಹುಡುಕುತ್ತಿದೆ ಎಂದರ್ಥ. ಇದು 2ಜಿ ಮಾಡ್ಯೂಲು, ಜಿಯೋಗೆ 2ಜಿ ಇಲ್ಲ. ಜಿಯೋ ಸಿಮ್ ಹಾಕಿದ್ದರೆ ನೆಟ್‌ವರ್ಕ್ ಸಿಗುವುದೇ ಇಲ್ಲ.

ನನ್ನ ಅಡಿಕೆ ತೋಟದಲ್ಲಿ ಎರಡು ಸಿಮ್ ಬದಲಿಸಿ ವಾರ ಕಳೆದಿದ್ದೆ. ‘ಅಂಡರ್ ವೋಲ್ಟೇಜ್’ (ವೋಲ್ಟೇಜ್ ಸಾಲದು) ಅನ್ನುವ ಸಾಲು ಮೊದಲ ದಿನವೇ ಬಂದಿತ್ತು. ಉಳಿದ ಸಾಲುಗಳ ನಡುವೆ ಸರಸರ ಮೇಲೆ ಹೋಗಿಬಿಟ್ಟಿತ್ತು, ನಾನು ಓದಿರಲಿಲ್ಲ. ಈ ಮಾಡ್ಯೂಲಿಗೆ 3.4ರಿಂದ 4.4 ವೋಲ್ಟ್ ಬೇಕು. ಎಸ್ಸೆಮ್ಮೆಸ್ ಕಳಿಸುವ ಕ್ಷಣದಲ್ಲಿ 2 ಆಂಪಿಯರ್‌ವರೆಗೆ ಎಳೆಯುತ್ತದೆ, ಆಗ ಸಣ್ಣ ತಂತಿಯಲ್ಲಿ ವೋಲ್ಟೇಜ್ ಇಳಿದುಬಿಡುತ್ತದೆ. ಸಣ್ಣ ತಂತಿ ತೆಗೆದು ದಪ್ಪದ್ದು ಹಾಕಿದೆ, ಮಾಡ್ಯೂಲಿನ ಪಕ್ಕದಲ್ಲೇ ಆ ಕ್ಷಣಕ್ಕೆ ಕರೆಂಟು ಒದಗಿಸಲು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದೆ. ಸರಿಹೋಯಿತು.

ಇನ್ನೊಂದು ಮಾತು. ನಿಮ್ಮ ಪ್ರೋಗ್ರಾಮಿನಲ್ಲಿ ತೊಂದರೆಯಾದಾಗ ‘ಇ03’ ಅಂತ ಬರೀ ಕೋಡ್ ಎಸ್ಸೆಮ್ಮೆಸ್ ಕಳಿಸುವ ಸಾಲಿದೆ, ದಯವಿಟ್ಟು ಅದನ್ನು ತೆಗೆಯಿರಿ. ಅದನ್ನು ಓದುವವರು ಊರಲ್ಲಿರುವ ನಿಮ್ಮ ತಂದೆ, ಅಲ್ವಾ? ರಾತ್ರಿ ಹನ್ನೊಂದಕ್ಕೆ ‘ಇ03’ ನೋಡಿ ಅವರು ಏನು ಮಾಡಬೇಕು? ‘ಬಾವಿಯಲ್ಲಿ ನೀರಿಲ್ಲ. ಮೋಟಾರ್ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿ.’ ಹೀಗೆ ಬರೆಯಿರಿ. ಏನಾಯಿತು, ಯಂತ್ರ ಏನು ಮಾಡಿತು, ತಾವೇನು ಮಾಡಬೇಕು, ಮೂರೂ ಬಂತು.

ಕನ್ನಡದ ಎಸ್ಸೆಮ್ಮೆಸ್ಸನ್ನು ಯುಸಿಎಸ್2 ರೂಪದಲ್ಲಿ (ಇಂಗ್ಲಿಷ್ ಅಲ್ಲದ ಲಿಪಿಗಳಿಗೂ ಆಗುವ ಅಕ್ಷರ ಸಂಕೇತ) ಕಳಿಸಬೇಕು. ಇಂಗ್ಲಿಷಿಗೆ 160 ಅಕ್ಷರ ಹಿಡಿದರೆ ಇದಕ್ಕೆ 70 ಮಾತ್ರ. ಕಾಗುಣಿತದ ಗುರುತು, ಒತ್ತು ಎಲ್ಲ ಬೇರೆ ಬೇರೆಯಾಗಿ ಲೆಕ್ಕ. ‘ಲ್ಲಿ’ ಒಂದಕ್ಕೇ ನಾಲ್ಕು ಹೋಗುತ್ತದೆ. ಮೇಲಿನದು ಎಣಿಸಿ ನೋಡಿದೆ, ಸುಮಾರು 60 ಆಗುತ್ತದೆ.

ಮೊದಲು ಎಟಿ+ಸಿಎಂಇಇ=2 ಹಾಕಿ. ಆಮೇಲೆ ಬರುವ ಸಾಲುಗಳನ್ನು ಫೋಟೋ ಹೊಡೆಯದೆ ಕಾಪಿ ಮಾಡಿ, ಮೊದಲ ಸಾಲಿನಿಂದ ಇಲ್ಲಿ ಹಾಕಿ. ರಾತ್ರಿ ಕೂತು ನೋಡುತ್ತೇನೆ.