ಚಿಕ್ಕ ಚಿತ್ರ ಚೆನ್ನ, ದೊಡ್ಡದು ಯಾಕೆ ಸಪ್ಪೆ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಮನೆ ಮುಂದಿನ ಗದ್ದೆಬಯಲನ್ನೇ ಬೇಸಿಗೆ, ಮಳೆ, ಚಳಿ ಮೂರೂ ಕಾಲದಲ್ಲಿ ಆಯಿಲ್ ಪೇಂಟ್‌ನಲ್ಲಿ ಬರೆಯುತ್ತಿದ್ದೇನೆ. ಸ್ಥಳದಲ್ಲೇ ಕೂತು ಬರೆದ 6×8 ಇಂಚಿನ ಚಿತ್ರ ಚೆನ್ನಾಗಿ ಬರುತ್ತದೆ. ಅದನ್ನೇ ನೋಡಿ 3×4 ಅಡಿಯ ಕ್ಯಾನ್ವಾಸ್ ಮೇಲೆ ಬರೆದರೆ ಜೀವವೇ ಇರುವುದಿಲ್ಲ. ಮಳೆಗಾಲದ್ದಂತೂ ಬರೀ ಹಸಿರು, ಬೇಗ ಒಣಗುವುದೂ ಇಲ್ಲ. ಏನು ಮಾಡಲಿ?

ಉತ್ತರ: ಅಳತೆಯನ್ನು ಸರಿಯಾಗಿಯೇ ಆರಿಸಿದ್ದೀರಿ. ಎರಡರ ಪ್ರಮಾಣವೂ ಒಂದೇ. ತೊಂದರೆ ಶುರುವಾಗುವುದು ಬ್ರಷ್‌ನಿಂದ. ಉದ್ದ, ಅಗಲ ಎರಡೂ 6 ಪಟ್ಟಾದರೆ ತುಂಬಬೇಕಾದ ಜಾಗ 36 ಪಟ್ಟಾಗುತ್ತದೆ. ಚಿಕ್ಕದರಲ್ಲಿ ಅರ್ಧ ಇಂಚಿನ ಬ್ರಷ್ ಒಮ್ಮೆ ಎಳೆದರೆ ಅಡಿಕೆ ತೋಟದ ಅಂಚು ಮುಗಿಯಿತು. ದೊಡ್ಡದರಲ್ಲಿ ಅದಕ್ಕೆ 3 ಇಂಚಿನ ಬ್ರಷ್ ಬೇಕು. ಹೆಚ್ಚಿನವರು ಹಳೆಯ ಬ್ರಷ್ಷನ್ನೇ ಹಿಡಿದು ನೂರು ಸಲ ತೀಡುತ್ತಾರೆ. ಬಣ್ಣ ಕಲಸಿಹೋಗಿ ಸಪ್ಪೆಯಾಗುವುದು ಅಲ್ಲೇ.

ಆದರೆ ಬ್ರಷ್ ದೊಡ್ಡದಾದರೆ ಸಾಲದು. ಚಿಕ್ಕ ಚಿತ್ರದಲ್ಲಿರುವುದು ಆ ಹೊತ್ತಿನ ಬೆಳಕು, ಅಷ್ಟೇ. ಬದು ಎಲ್ಲಿ ತಿರುಗುತ್ತದೆ, ಮರ ನೆಲಕ್ಕೆ ಹೇಗೆ ಕೂತಿದೆ ಅನ್ನುವುದು ಅದರಲ್ಲಿ ಇರುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಪೆನ್ಸಿಲ್ ಸ್ಕೆಚ್ ಕೂಡ ಮಾಡಿಟ್ಟುಕೊಳ್ಳಿ. ಇಂಗ್ಲೆಂಡಿನ ನಿಸರ್ಗ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821ರ ‘ದಿ ಹೇ ವೇನ್’ ಚಿತ್ರಕ್ಕೆ ಚಿಕ್ಕ ಸ್ಕೆಚ್‌ಗಳಿಂದ ನೇರವಾಗಿ ಹಾರಲಿಲ್ಲ. ಸುಮಾರು 130×185 ಸೆಂ.ಮೀ. ಅಳತೆಯ ಆ ಚಿತ್ರಕ್ಕೆ ಮೊದಲು ಅಷ್ಟೇ ದೊಡ್ಡ ಒರಟು ಕರಡೊಂದನ್ನು ಎಣ್ಣೆಬಣ್ಣದಲ್ಲೇ ಬರೆದರು. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೆದ ಮೋಡದ ಚಿಕ್ಕ ಚಿತ್ರಗಳ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಗಾಳಿಯ ದಿಕ್ಕು ಗುರುತು ಹಾಕುತ್ತಿದ್ದರು. ಈ ಅಭ್ಯಾಸ ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ‘ಜುಲೈ, ಬೆಳಿಗ್ಗೆ 9, ಮಳೆ ನಿಂತ ಮೇಲೆ’ ಎಂದು ಬರೆದಿಟ್ಟರೆ ಆರು ತಿಂಗಳ ನಂತರವೂ ಆ ಬೆಳಕು ನೆನಪಾಗುತ್ತದೆ. ಪೂರ್ತಿ ಕರಡು ಖರ್ಚು ಅನ್ನಿಸಿದರೆ 12×16 ಇಂಚಿನಲ್ಲಿ ಒಂದು ಮಾಡಿ. ಮಧ್ಯದ ಈ ಮೆಟ್ಟಿಲನ್ನು ಮಾತ್ರ ಬಿಡಬೇಡಿ.

ಇನ್ನು ಹಸಿರಿನ ವಿಷಯ. ಮೋಡ ಕವಿದಾಗ ಬೆಳಕು ಮೇಲಿಂದ, ತಣ್ಣಗೆ ಬರುತ್ತದೆ. ಒಂದು ಬಾಳೆ ಎಲೆ ನೋಡಿ. ಆಕಾಶದ ಕಡೆ ತಿರುಗಿದ ಭಾಗ ಬೂದು ನೀಲಿಯಾಗಿ ಹೊಳೆಯುತ್ತಿರುತ್ತದೆ. ಬೆಳಕು ಹಾದು ಬರುವ ಕಡೆ ಹಳದಿ ಜಾಸ್ತಿ. ಅಂದರೆ ಒಂದೇ ಎಲೆಯಲ್ಲಿ ಎರಡು ಹಸಿರು! ಸಸಿಮಡಿಯ ಎಳೆ ಹಸಿರು, ತೋಟದ ಕಪ್ಪು ಹಸಿರು, ದೂರದ ಗುಡ್ಡ ಎಲ್ಲವನ್ನೂ ಒಂದೇ ಟ್ಯೂಬಿನಿಂದ ತೆಗೆಯಲು ಆಗುವುದಿಲ್ಲ. ಟ್ಯೂಬಿನ ಹಸಿರನ್ನು ಪಕ್ಕಕ್ಕಿಡಿ. ಅಲ್ಟ್ರಾಮರೀನ್ ನೀಲಿಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ಐವರಿ ಬ್ಲ್ಯಾಕ್‌ಗೆ ಲೆಮನ್ ಯೆಲ್ಲೋ ಬೆರೆಸಿ ನೋಡಿ. ತುಂಬಾ ಕಣ್ಣಿಗೆ ಹೊಡೆದರೆ ಚೂರು ಬರ್ನ್ಟ್ ಸಿಯೆನ್ನಾ (ಕೆಂಪು ಕಂದು) ಸಾಕು. ನೀರು ನಿಂತ ಗದ್ದೆಯನ್ನು ಆಕಾಶಕ್ಕಿಂತ ಒಂದು ಚೂರು ಗಾಢವಾಗಿ ಇಡಿ. ಆಗ ನೀರು ನೆಲದ ಮೇಲೆ ಮಲಗುತ್ತದೆ.

ಆಯಿಲ್ ಪೇಂಟ್ ಬಟ್ಟೆಯ ಹಾಗೆ ಆರುವುದಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಥಂಡಿ, ತೇವ, ಕತ್ತಲೆಯಲ್ಲಿ ಇದು ನಿಧಾನ. ಹಾಗಾಗಿ ಮಳೆಗಾಲದಲ್ಲಿ ತೆಳುವಾಗಿ ಬರೆಯಿರಿ, ಬೇಗ ಒಣಗುವ ಅಂಬರ್ (ಮಣ್ಣಿನ ಕಂದು) ಬಣ್ಣದಿಂದ ಮೊದಲ ಪದರ ಹಾಕಿ, ಬಣ್ಣಕ್ಕೆ ಬೆರೆಸುವ ಮೀಡಿಯಂ ಬೇಕಾದರೆ ಬೇಗ ಒಣಗುವ ಆಲ್ಕಿಡ್ ಬಳಸಿ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಜಾಸ್ತಿ ಇರಲಿ. ತಿರುಗುಮುರುಗಾದರೆ ಮುಂದೆ ಬಿರುಕು ಬಿಡುತ್ತದೆ. ಚಿಕ್ಕದಕ್ಕೆ ಕ್ಯಾನ್ವಾಸ್‌ಗಿಂತ ಎರಡೂ ಮುಖಕ್ಕೆ, ಅಂಚಿಗೂ ಜೆಸ್ಸೋ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ) ಹಚ್ಚಿದ ಪ್ಲೈವುಡ್ ತುಂಡು ವಾಸಿ. ಮಲೆನಾಡಿನ ತೇವಕ್ಕೆ ಕ್ಯಾನ್ವಾಸ್ ಹಿಂದೆ ಬೂಸ್ಟು ಹಿಡಿಯುತ್ತದೆ ಅಲ್ವಾ. ಚಿತ್ರಗಳನ್ನು ಬೀರುವಿನಲ್ಲಿ ಮುಚ್ಚಿಡಬೇಡಿ. ಕತ್ತಲೆಯಲ್ಲಿ ಅಗಸೆ ಎಣ್ಣೆ ಹಳದಿ ತಿರುಗುತ್ತದೆ.

ನನ್ನ ಸಲಹೆ ಕೇಳಿದರೆ, ಮಳೆಯ ದೊಡ್ಡ ಚಿತ್ರವನ್ನು ಮಳೆಯಲ್ಲೇ ಬರೆಯಬೇಕೆಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿಕ್ಕವನ್ನೇ ಸಾಧ್ಯವಾದಷ್ಟು ಬರೆದಿಡಿ. ಒಳ್ಳೆಯ ಬಿಸಿಲು ಬೀಳುವ ಡಿಸೆಂಬರ್‌ನಲ್ಲಿ ದೊಡ್ಡ ಕ್ಯಾನ್ವಾಸ್ ಶುರು ಮಾಡಿ. ವಾರ್ನಿಷ್‌ಗೆ ಮಾತ್ರ ಆತುರ ಬೇಡ, ಬಣ್ಣ ದಪ್ಪವಾಗಿದ್ದರೆ ಒಂದು ವರ್ಷವಾದರೂ ಕಾಯಿರಿ.