ಆನ್‌ಲೈನ್‌ನಲ್ಲಿ ವಿಲ್ ಮಾಡಿಸಿದರೆ ನಡೆಯುತ್ತಾ, ವಕೀಲರ ಹತ್ತಿರ ಹೋಗಲೇಬೇಕಾ?

ಸ್ವಂತ ದುಡಿಮೆಯ ಒಂದು ಮನೆ, ಒಂದಿಷ್ಟು ಎಫ್‌ಡಿ, ಇಬ್ಬರು ಮಕ್ಕಳು ಅಂತ ಬರೆದಿದ್ದೀರಿ. ಇಷ್ಟಕ್ಕೆ ಆನ್‌ಲೈನ್ ಸಾಕು. ಎರಡು ವರ್ಷದ ಹಿಂದೆ ನಮ್ಮಪ್ಪ ಹೀಗೇ ಮಾಡಿಸಿದರು. ಆದರೆ ಒಂದು ವಿಷಯ ಚೆನ್ನಾಗಿ ನೆನಪಿಟ್ಟುಕೊಳ್ಳಿ, ವೆಬ್‌ಸೈಟಿನವರು ಕೊಡುವುದು ಬರೀ ಕರಡು. ಅದನ್ನು ಪ್ರಿಂಟ್ ತೆಗೆದು, ನೀವು ಪೆನ್ನಿನಲ್ಲಿ ಸಹಿ ಹಾಕಿ, ಅದನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ನಿಮ್ಮೆದುರಿಗೇ ಸಹಿ ಹಾಕಿದ ಮೇಲೆಯೇ ಅದು ವಿಲ್.

ನಾವು ದುಡ್ಡು ಕಟ್ಟಿದ ಸೈಟಿನಲ್ಲಿ ಕೊನೆಗೆ ಆಧಾರ್ ಒಟಿಪಿ ಹಾಕಿ ಇ-ಸೈನ್ ಮಾಡಿ ಅಂತ ಬಂತು. ಅಪ್ಪ ಆಗಲೇ ಕನ್ನಡಕ ಏರಿಸಿ ಒಟಿಪಿ ಓದುತ್ತಿದ್ದರು. ಯಾಕೋ ಅನುಮಾನ ಬಂದು ಪರಿಚಯದ ವಕೀಲರಿಗೆ ಫೋನ್ ಮಾಡಿದೆ. ಇ-ಸೈನ್‌ಗೆ ಮಾನ್ಯತೆ ಕೊಡುವ 2000ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ ವಿಲ್‌ಗೆ ಅನ್ವಯಿಸುವುದೇ ಇಲ್ಲ, ಇ-ಸೈನ್ ನಂಬಿ ಕೂತರೆ ವಿಲ್ ಇಲ್ಲದ ಹಾಗೇ ಅಂದರು. ಎಂಥಾ ಅನಾಹುತ ತಪ್ಪಿತು ನೋಡಿ!

ಇನ್ನೊಂದು ತೊಂದರೆ ಆಸ್ತಿಯ ವಿವರದ್ದು. ಕರಡಿನಲ್ಲಿ ಇದ್ದದ್ದು 'ಮೈಸೂರಿನಲ್ಲಿರುವ ನನ್ನ ಮನೆ' ಅಂತ, ಅಷ್ಟೇ. ಬೀರುವಿನಿಂದ ಹಳೇ ಕ್ರಯಪತ್ರ ತೆಗೆದು, ಅಪ್ಪ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು, ನಾನು ಟೈಪ್ ಮಾಡಿದೆ. ಖಾತೆ ನಂಬರು, ಅಳತೆ, ಚಕ್ಕುಬಂದಿ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಯಾರ ಸೈಟು, ಎಲ್ಲವೂ. ನೀವೂ ಹಾಗೇ ಮಾಡಿ, ಈ ಕೆಲಸಕ್ಕೆ ಮಾತ್ರ ಬೇಸರ ಪಡಬೇಡಿ. ಎಫ್‌ಡಿಗೆ ನಾಮಿನಿ ಇದ್ದಾರಲ್ಲ ಅಂತ ಬಿಡಬೇಡಿ. ನಾಮಿನಿ ದುಡ್ಡು ತೆಗೆದುಕೊಳ್ಳಬಹುದು, ಆದರೆ ಅಷ್ಟಕ್ಕೇ ಅದು ಅವರದಾಗುವುದಿಲ್ಲ. ಅದನ್ನೂ ವಿಲ್‌ನಲ್ಲಿ ಬರೆಯಿರಿ.

ಸಾಕ್ಷಿಗಳು ನಿಮಗಿಂತ ಚಿಕ್ಕವರಾಗಿದ್ದರೆ ಒಳ್ಳೆಯದು, ಮುಂದೆ ತಕರಾರು ಬಂದರೆ ಕೋರ್ಟಿಗೆ ಬಂದು ಹೇಳುವುದಕ್ಕೆ ಅವರು ಇರಬೇಕು ಅಲ್ವಾ? ವಿಲ್‌ನಲ್ಲಿ ಪಾಲು ಸಿಗುವವರನ್ನು ಸಾಕ್ಷಿ ಹಾಕಬೇಡಿ. ಸಹಿ ಹಾಕುವ ದಿನ ಮಕ್ಕಳು ಪಕ್ಕದಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಲಾಭ ಪಡೆಯುವವರೇ ಮುಂದೆ ನಿಂತು ಮಾಡಿಸಿದ ವಿಲ್ ಅಂದರೆ ಕೋರ್ಟು ಅನುಮಾನದಿಂದ ನೋಡುತ್ತದೆ. ಅವತ್ತು ನಾನೂ ತಂಗಿಯೂ ಮನೆಯಲ್ಲಿ ಇರಲಿಲ್ಲ.

ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ರಿಜಿಸ್ಟರ್ ಕಡ್ಡಾಯ ಅಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮಾಡಿಸಿಬಿಡಿ ಅಂತಲೇ ನನ್ನ ಸಲಹೆ. ಇದು ಅವರ ಸಹಿಯೇ ಅಲ್ಲ ಅಂತ ನಾಳೆ ಯಾರೂ ಸುಲಭಕ್ಕೆ ಹೇಳುವ ಹಾಗಿರುವುದಿಲ್ಲ.

ಪಾಲಾಗದ ಪಿತ್ರಾರ್ಜಿತ ಆಸ್ತಿ, ಎರಡನೇ ಮದುವೆ, ಸರ್ಕಾರದಿಂದ ಮಂಜೂರಾದ ಜಮೀನು, ಇವುಗಳಲ್ಲಿ ಒಂದು ಇದ್ದರೂ ಆನ್‌ಲೈನ್ ಬೇಡ, ಸೀದಾ ವಕೀಲರ ಹತ್ತಿರ ಹೋಗಿ.

ಮತ್ತೆ, ಒರಿಜಿನಲ್ ಎಲ್ಲಿಟ್ಟಿದ್ದೀರಿ ಅಂತ ಇಬ್ಬರು ಮಕ್ಕಳಿಗೂ ಹೇಳಿ. ಅಪ್ಪನದು ಬೀರುವಿನಲ್ಲಿ, ಕ್ರಯಪತ್ರದ ಜೊತೆ ಒಂದೇ ಕವರಿನಲ್ಲಿದೆ.